ಕಣ್ಣಾರೆ ಕಂಡವರ ಸಹಿ

ಪತ್ರ ಬಂದದ್ದು ಜೂನ್ ಎರಡನೆಯ ವಾರ. ದಪ್ಪ ಕಾಗದ, ಮೇಲೆ ಚಿನ್ನದ ಬಣ್ಣದ ಮುದ್ರೆ, ಕೆಳಗೆ ಯಾರದೋ ನೀಲಿ ಶಾಯಿಯ ಸಹಿ. ‘ಪ್ರಿಯ ಡೆಲ್ಫೀನಾ ಅರುಡಾ, ದೇಶದ ಆಯ್ದ ವಿದ್ಯಾರ್ಥಿಗಳಲ್ಲಿ ನೀವೂ ಒಬ್ಬರು’ ಎಂದು ಶುರುವಾಗಿತ್ತು. ಡೆಲ್ಫೀನಾಳ ತಾಯಿ ಲೂಸಿಲಿಯಾ ಅದನ್ನು ಬಾಗಿಲಲ್ಲಿ ನಿಂತೇ ಎರಡು ಸಲ ಓದಿದಳು. ಕೈ ಒರೆಸಿಕೊಂಡು ಮೂರನೆಯ ಸಲ ಓದಿದಳು. ಆಮೇಲೆ ಫ್ರಿಜ್ಜಿನ ಬಾಗಿಲ ಮೇಲಿದ್ದ ಕರೆಂಟ್ ಬಿಲ್ಲನ್ನು ಕಿತ್ತು, ಆ ಜಾಗದಲ್ಲಿ ಪತ್ರವನ್ನು ಅಂಟಿಸಿದಳು.

ಆ ಮನೆಯಲ್ಲಿ ನಾಲ್ಕೂ ಜನ ಒಟ್ಟಿಗೆ ಊಟಕ್ಕೆ ಕೂರುವುದು ಭಾನುವಾರ ಮಾತ್ರ. ಅಪ್ಪ ನೊರ್ಬೆರ್ತುಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ, ಅಮ್ಮನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ. ಹಾಗಾಗಿ ವಾರದಲ್ಲಿ ಹೇಳಬೇಕಾದ ದೊಡ್ಡ ಮಾತುಗಳೆಲ್ಲ ಭಾನುವಾರದ ಕೇಲ್ ಸೊಪ್ಪಿನ ಸಾರಿನ ಜೊತೆಗೇ ಬರುತ್ತಿದ್ದವು.

“ಬಾಸ್ಟನ್ನಲ್ಲಿ ಎರಡು ವಾರ. ನಾಳಿನ ನಾಯಕರ ಬೇಸಿಗೆ ಶಿಬಿರ ಅಂತೆ. ಕಾಲೇಜಿನೋರು ಇಂಥದ್ದನ್ನೇ ಹುಡುಕೋದು,” ಎಂದಳು ಅಮ್ಮ.

“ಎಷ್ಟಂತೆ?” ಅಪ್ಪ ಬ್ರೆಡ್ ಮುರಿಯುತ್ತ ಕೇಳಿದ.

“ಮುಂಗಡ ನಾನೂರು ಡಾಲರ್ ಕಟ್ಟಿದೀನಿ. ಉಳಿದದ್ದು ಜುಲೈನಲ್ಲಿ.”

“ಆಯ್ಕೆ ಮಾಡಿದೋರು ದುಡ್ಡು ಯಾಕೆ ಕೇಳ್ತಾರೆ?” ಗಾಲಿಕುರ್ಚಿಯಲ್ಲಿದ್ದ ಅಜ್ಜಿ ಕೇಳಿದಳು. ಎರ್ಮೆಲಿಂಡಾ ಅರುಡಾಗೆ ಎಪ್ಪತ್ತೊಂಬತ್ತು. ಹೋದ ವರ್ಷದ ಫೆಬ್ರವರಿಯಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಸುಮ್ಮನಾಗಿದ್ದವು. ನಾಲಿಗೆ ಮಾತ್ರ ಒಂದು ವಾರ ತೊದಲಿ, ಆಮೇಲೆ ಮೊದಲಿಗಿಂತ ಚುರುಕಾಗಿತ್ತು.

“ಅತ್ತೆ, ಅದು ಊಟ ವಸತಿಗೆ. ನಿಮ್ಮ ಕಾಲದ ಹಾಗಲ್ಲ ಈಗ.”

“ನನ್ನ ಕಾಲದಲ್ಲೂ ದುಡ್ಡು ಕೇಳೋರು ಇದ್ರು ಕಣೇ. ಚಿನ್ನದ ಮುದ್ರೆ ಹಾಕ್ತಿರಲಿಲ್ಲ, ಅಷ್ಟೇ.”

ಡೆಲ್ಫೀನಾ ಅಜ್ಜಿಯ ಬಟ್ಟಲಿನಲ್ಲಿದ್ದ ಸಾಸೇಜನ್ನು ಸಣ್ಣಗೆ ಕತ್ತರಿಸುತ್ತಿದ್ದಳು. ಹದಿನೇಳು ವರ್ಷದ ಹುಡುಗಿ. ಸೆಪ್ಟೆಂಬರಿಗೆ ಹೈಸ್ಕೂಲಿನ ಕೊನೆಯ ವರ್ಷ. ಮಾತು ಕಡಿಮೆ. ಕತ್ತರಿಸುವುದನ್ನು ನಿಲ್ಲಿಸದೆಯೇ ಕೇಳಿದಳು: “ಆ ಎರಡು ವಾರ ವೊವೊನ ಯಾರು ನೋಡ್ಕೋತಾರೆ?”

ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದು ವೊವೊ ಎಂದೇ. ಅಮ್ಮ ಅಪ್ಪನ ಮುಖ ನೋಡಿದಳು.

“ನಾನಿಲ್ವಾ? ನನ್ನ ತಾಯಿ ತಾನೇ,” ಎಂದ ಅಪ್ಪ.

ಅಜ್ಜಿಗೆ ಸಾರು ನೆತ್ತಿಗೇರಿತು. ಕೆಮ್ಮೋ ನಗುವೋ ತಿಳಿಯಲಿಲ್ಲ. ಡೆಲ್ಫೀನಾ ಎದ್ದು ಅವಳ ಗದ್ದವನ್ನು ಎದೆಯ ಕಡೆಗೆ ಬಗ್ಗಿಸಿ, ಬೆನ್ನು ತಟ್ಟಿ, ಮತ್ತೆ ಕುಳಿತಳು.

*

ಶಾಲೆ ಮುಚ್ಚಲು ಮೂರು ದಿನವಿರುವಾಗ ಕಾಲೇಜು ಸಲಹೆಗಾರ್ತಿ ಮಿಸೆಸ್ ಹೇವರ್ಟಿ ಒಬ್ಬೊಬ್ಬರನ್ನೇ ಕೋಣೆಗೆ ಕರೆದು ಮಾತಾಡಿಸಿದಳು. ತಲೆಗೆ ಹದಿನೈದು ನಿಮಿಷ. ಡೆಲ್ಫೀನಾಳ ಮುಂದೆ ಒಂದು ಹಾಳೆ ಇಟ್ಟಳು. ಅದರಲ್ಲಿ ಎಂಟು ಸಾಲು.

“ಓದು ಬಿಟ್ಟು ಏನೇನು ಮಾಡ್ತೀಯ ಅನ್ನೋದಕ್ಕೆ ಎಂಟು ಸಾಲು. ಒಂದೊಂದಕ್ಕೂ ನೂರೈವತ್ತು ಅಕ್ಷರ. ನಿಂದು ಒಂದೇ ತುಂಬಿದೆ. ಈಜು ತಂಡ, ಅದೂ ಒಂದೇ ವರ್ಷ. ಅಂಕ ಇಷ್ಟು ಚೆನ್ನಾಗಿದೆ, ಹಾಳೆ ಹೀಗೆ ಖಾಲಿ ಇದ್ರೆ ಹೇಗಮ್ಮ? ಈ ಬೇಸಿಗೆಯಲ್ಲಿ ಏನಾದರೂ ಶುರು ಮಾಡು. ಒಂದು ಸೇವಾಸಂಸ್ಥೆ, ಒಂದು ಸಣ್ಣ ವ್ಯಾಪಾರ, ಏನಾದರೂ.”

“ಅಮ್ಮ ಬಾಸ್ಟನ್ ಶಿಬಿರಕ್ಕೆ ಮುಂಗಡ ಕಟ್ಟಿದಾರೆ,” ಎಂದು ಡೆಲ್ಫೀನಾ ಫೋನಿನಲ್ಲಿದ್ದ ಪತ್ರದ ಚಿತ್ರ ತೋರಿಸಿದಳು.

ಹೇವರ್ಟಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ಕಾಲೇಜು ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವಾಗ, ವಿಳಾಸ ಹಂಚಬಹುದು ಅಂತ ಒಂದು ಚೌಕಕ್ಕೆ ಗುರುತು ಹಾಕಿದ್ಯಲ್ಲ? ಗುರುತು ಹಾಕಿದವರಿಗೆಲ್ಲ ಬರುತ್ತೆ ಇದು. ಈ ವಾರ ನಾನು ನೋಡ್ತಿರೋದರಲ್ಲಿ ಇದು ಒಂಬತ್ತನೇದು. ಕಾಲೇಜಿನೋರು ಇದನ್ನ ಓದೋದೂ ಇಲ್ಲ.”

“ಮುಂಗಡ?”

“ಅಮ್ಮನಿಗೆ ಇವತ್ತೇ ಕೇಳೋಕೆ ಹೇಳು. ಸಿಕ್ಕರೆ ಅರ್ಧ ಸಿಗಬಹುದು.”

ಡೆಲ್ಫೀನಾ ಎದ್ದು ಬ್ಯಾಗು ಹೆಗಲಿಗೇರಿಸಿದಳು. ಬಾಗಿಲ ತನಕ ಹೋಗಿ ನಿಂತಳು. “ಮನೇಲಿ ಮಾಡೋದು ಆ ಎಂಟರಲ್ಲಿ ಬರುತ್ತಾ?”

“ಏನು ಮಾಡ್ತೀಯ ಮನೇಲಿ?”

ಅವಳು ಹೇಳಿದಳು. ಸೊಂಟಕ್ಕೆ ಪಟ್ಟಿ ಕಟ್ಟಿ ಅಜ್ಜಿಯನ್ನು ಎಬ್ಬಿಸುವುದು, ಸೋಮವಾರ ಮತ್ತು ಗುರುವಾರ ಸ್ನಾನ, ಕಾಫಿ ನೆತ್ತಿಗೇರದಂತೆ ಪುಡಿ ಬೆರೆಸಿ ಗಟ್ಟಿ ಮಾಡುವುದು, ಔಷಧ, ನಡಿಗೆ, ಒದ್ದೆ ಚಾದರ, ರಾತ್ರಿ ಊಟ. ಬೇಸಿಗೆಯಲ್ಲಿ ಮಧ್ಯಾಹ್ನ ಒಂದರಿಂದ ರಾತ್ರಿ ಒಂಬತ್ತು. ಅಂಗಡಿಯ ಚೀಟಿ ಓದುವವಳ ಹಾಗೆ ಹೇಳಿ ಮುಗಿಸಿದಳು.

ಹೇವರ್ಟಿಯ ಹದಿನೈದು ನಿಮಿಷ ಮುಗಿದಿತ್ತು. ಹೊರಗೆ ಮುಂದಿನ ಹುಡುಗ ಬಾಗಿಲು ತಟ್ಟಿದ. “ತಡಿಯೋ,” ಎಂದು ಅವಳು ಡ್ರಾಯರಿನಿಂದ ಇನ್ನೊಂದು ಅರ್ಜಿ ತೆಗೆದಳು. ವಿಟ್ಕೂಂಬ್ ನಿಧಿಯ ವಿದ್ಯಾರ್ಥಿವೇತನದ್ದು, ಅದರಲ್ಲೂ ಅಂಥವೇ ಎಂಟು ಸಾಲು. ರಾಜ್ಯದ ಯಾವ ಕಾಲೇಜಿಗಾದರೂ ನಾಲ್ಕು ವರ್ಷದ ಪೂರ್ತಿ ಶುಲ್ಕ. ಕಳೆದ ಎರಡು ಬೇಸಿಗೆಗಳನ್ನು ಹೇಗೆ ಕಳೆದಿರಿ ಎಂಬುದೇ ಅದರಲ್ಲಿ ಮುಖ್ಯ ಪ್ರಶ್ನೆ. ಆಗಸ್ಟ್ ಹದಿನೈದು ಕೊನೆಯ ದಿನ. ಅಡಿಯಲ್ಲೊಂದು ಗೆರೆ: ‘ಮೇಲಿನ ಕೆಲಸವನ್ನು ಕಣ್ಣಾರೆ ಕಂಡ ವಯಸ್ಕರೊಬ್ಬರ ಸಹಿ.’

“ನೀವು ಹಾಕ್ತೀರಾ?”

“ನಾನೆಲ್ಲಿ ಕಂಡಿದೀನಿ? ಮನೇಲಿ ಕಂಡೋರು ಹಾಕಬೇಕು. ಅಪ್ಪನೋ ಅಮ್ಮನೋ. ಅದೇನು ದೊಡ್ಡ ವಿಷಯ ಅಲ್ಲ ಬಿಡು.”

*

“ಒಂಬತ್ತು ಜನಕ್ಕೆ ಬಂದಿದ್ರೆ ಬರಲಿ. ಆ ಒಂಬತ್ತರಲ್ಲಿ ನೀನೂ ಒಬ್ಬಳು ತಾನೇ?” ಎಂದಳು ಅಮ್ಮ. ಅವಳು ಕೆಲಸಕ್ಕೆ ಹೊರಡಲು ಕೂದಲಿಗೆ ಬಲೆ ಹಾಕಿಕೊಳ್ಳುತ್ತಿದ್ದಳು.

“ಅದು ಜಾಹೀರಾತು ಅಮ್ಮ.”

“ಚರ್ಚಿನ ಹಾಲ್‌ನಲ್ಲಿ ಹತ್ತು ಜನ ನನ್ನ ಕೈ ಕುಲುಕಿದಾರೆ. ಪಾದ್ರಿಗಳು ಹೆಸರು ಕೇಳಿದಾರೆ. ಅವರಿಗೆಲ್ಲ ಹೋಗಿ ಜಾಹೀರಾತು ಅನ್ನಲಾ?”

“ನಾನು ಹೋಗಲ್ಲ.”

“ಏನಂದೆ?”

“ಹೋಗಲ್ಲ ಅಂದೆ. ಮುಂಗಡ ವಾಪಸ್ ಕೇಳು. ನೀನು ಕೇಳದಿದ್ರೆ ನಾನು ಕೇಳ್ತೀನಿ.”

ಅಮ್ಮನಿಗೆ ಬಸ್ಸಿನ ಹೊತ್ತಾಗಿತ್ತು. ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಮೇಲಿನ ಮಹಡಿಯವರು ಕಿಟಕಿಯಿಂದ ತಲೆ ಹಾಕಿದರು. ಡೆಲ್ಫೀನಾ ಶಿಬಿರದವರಿಗೆ ಫೋನು ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿ, ಕೊನೆಗೆ ಇನ್ನೂರು ಡಾಲರ್ ವಾಪಸ್ ಕೊಡಲು ಒಪ್ಪಿದರು. ಪತ್ರ ಮಾತ್ರ ಫ್ರಿಜ್ಜಿನ ಮೇಲೇ ಉಳಿಯಿತು. ಅಮ್ಮ ಅದನ್ನು ಹಠಕ್ಕೆ ಬಿಟ್ಟಿದ್ದಳು. ಹಾಲು ತೆಗೆಯುವಾಗಲೆಲ್ಲ ಚಿನ್ನದ ಮುದ್ರೆ ಕಣ್ಣಿಗೆ ಹೊಡೆಯುತ್ತಿತ್ತು.

*

ಜುಲೈ ಬಿಸಿಲು ಏರಿದಂತೆ ಮಧ್ಯಾಹ್ನಗಳು ಉದ್ದವಾದವು. ಒಂದು ಗಂಟೆಗೆ ಊಟ, ಒಂದೂವರೆಗೆ ಅಮ್ಮ ಹೊರಡುವುದು. ಮೂರಕ್ಕೆ ಅಪ್ಪ ಬಂದು, ಬೂಟು ಬಿಚ್ಚಿ, ತಾಯಿಯ ಹಣೆಗೆ ಮುತ್ತು ಕೊಟ್ಟು, “ಹೇಗಿದೀಯಮ್ಮ?” ಎನ್ನುವನು. “ಇದೀನಪ್ಪ,” ಎನ್ನುವಳು ಅಜ್ಜಿ. ನಾಲ್ಕಕ್ಕೆ ಅವನು ಕ್ಲಬ್ಬಿಗೆ ಇಸ್ಪೀಟು ಆಡಲು ಹೋಗುವನು. ಎಂಟಕ್ಕೆ ಬರುವಾಗ ಬೆಳಗಿನ ಬ್ರೆಡ್ ತರುವನು.

ಒಂದು ದಿನ ಡೆಲ್ಫೀನಾ ಅರ್ಜಿಯನ್ನು ಅಡುಗೆಮನೆಯ ಮೇಜಿನ ಮೇಲೆ ಹರವಿಕೊಂಡು ಪೆನ್ಸಿಲ್ ಕಚ್ಚುತ್ತಿದ್ದಳು.

“ಏನದು?” ಎಂದಳು ಅಜ್ಜಿ.

ಹೇಳದೆ ವಿಧಿಯಿರಲಿಲ್ಲ. ಓದಿ ಹೇಳಿದಳು: “ಕುಟುಂಬದ ಹಿರಿಯರೊಬ್ಬರಿಗೆ ದಿನನಿತ್ಯದ ನೆರವು.”

“ಹಿರಿಯರೊಬ್ಬರು ಯಾರು? ನಂಗೆ ಹೆಸರಿಲ್ವಾ? ನೆರವು ಅಂದ್ರೆ ಏನು, ಬಾಗಿಲು ತೆಗೆದು ಹಿಡಿಯೋದಾ?”

“ಸ್ನಾನ ಅಂತ ಬರೀಲಾ ಮತ್ತೆ? ಗುರುತು ಪರಿಚಯ ಇಲ್ಲದೋರು ಓದ್ತಾರೆ ವೊವೊ.”

“ಓದ್ಲಿ. ಈ ಮುದುಕಿ ವಾರಕ್ಕೆರಡು ಸಲ ಸ್ನಾನ ಮಾಡ್ತಾಳೆ ಅಂತ ಗೊತ್ತಾದ್ರೆ ನಂಗೇ ಒಳ್ಳೇ ಹೆಸರು.”

ಆಮೇಲೆ ಅವಳು ತನ್ನ ಕಾರ್ಖಾನೆಯ ಕಥೆ ತೆಗೆದಳು. ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೂತವಳು. “ಒಂದು ಕಟ್ಟಿಗೆ ಎರಡು ಡಜನ್ ಪರದೆ. ಕಟ್ಟಿನ ಮೇಲೊಂದು ಚೀಟಿ. ಹೊಲಿದು ಮುಗಿಸಿದ ಮೇಲೆ ಆ ಚೀಟಿ ಕತ್ತರಿಸಿ ನನ್ನ ಹಾಳೆಗೆ ಅಂಟಿಸಬೇಕು. ಶುಕ್ರವಾರ ಹಾಳೆ ಕೊಟ್ರೆ ಎಷ್ಟು ಚೀಟಿ ಇದೆಯೋ ಅಷ್ಟಕ್ಕೆ ಸಂಬಳ. ಚೀಟಿ ಇಲ್ಲದಿದ್ರೆ ನೀನು ಹೊಲಿದೇ ಇಲ್ಲ. ಒಬ್ಬಳು ಮೇಲ್ವಿಚಾರಕಿ ಇದ್ಳು. ನಾನು ಕಕ್ಕಸಿಗೆ ಹೋದಾಗ ನನ್ನ ಚೀಟಿ ಎತ್ತಿ ಅವಳ ತಂಗಿ ಹಾಳೆಗೆ ಅಂಟಿಸೋಳು.”

“ನೀನು ಜಗಳ ಆಡಲಿಲ್ವಾ?”

“ಯಾವ ಭಾಷೇಲಿ? ಪೋರ್ತುಗೀಸ್ ಮಾತಾಡೋ ದ್ವೀಪದಿಂದ ಇಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಚೀಟಿಗಳನ್ನ ಬಾಯೊಳಗೆ ಇಟ್ಕೊಂಡು ಕಕ್ಕಸಿಗೆ ಹೋಗೋಕೆ ಶುರು ಮಾಡಿದೆ. ವಾಪಸ್ ಬಂದು, ಅವಳು ನೋಡ್ತಿರೋ ಹಾಗೇ ಬಾಯಿಂದ ತೆಗೆದು ಅಂಟಿಸೋದು. ಅಂಟು ಬೇರೆ ಹಚ್ಚಬೇಕಿರಲಿಲ್ಲ.” ಅಜ್ಜಿ ಎಡಗೈಯಿಂದ ಮೇಜು ಬಡಿದಳು. “ಅಳಿಸು ಅದನ್ನ. ಸರಿಯಾಗಿ ಬರಿ.”

ಅಕ್ಷರ ಎಣಿಸಿ ಎಣಿಸಿ, ಅಳಿಸಿ, ಕೊನೆಗೆ ಬಂದದ್ದು ಇಷ್ಟು: ‘ಲಕ್ವ ಹೊಡೆದ ಅಜ್ಜಿ ಎರ್ಮೆಲಿಂಡಾ ಅರುಡಾಳ ಪೂರ್ತಿ ಆರೈಕೆ: ಎತ್ತುವುದು, ಸ್ನಾನ, ಊಟ, ಔಷಧ, ನಡಿಗೆ. ವಾರಕ್ಕೆ ನಲವತ್ತು ಗಂಟೆ. ಎರಡು ಬೇಸಿಗೆ.’

“ಉಳಿದ ಏಳು ಸಾಲಿಗೆ?” ಅಜ್ಜಿ ಕೇಳಿದಳು.

“ಖಾಲಿ ಇರಲಿ. ಅದಕ್ಕೆ ಹೊತ್ತೆಲ್ಲಿತ್ತು ನಂಗೆ?”

*

ಆ ಹಾಳೆ ಶನಿವಾರ ಅಪ್ಪನ ಕೈಗೆ ಸಿಕ್ಕಿತು. ಅವನು ಓದುವಾಗ ತುಟಿ ಅಲ್ಲಾಡುತ್ತಿತ್ತು. ಓದಿ ಮುಗಿಸಿ, ನಾಲ್ಕಾಗಿ ಮಡಚಿ, ಅಂಗಿಯ ಜೇಬಿನಲ್ಲಿಟ್ಟುಕೊಂಡ.

“ಕೊಡಪ್ಪ ಅದನ್ನ.”

“ನಮ್ಮಮ್ಮನ ಸ್ನಾನದ ವಿಷಯ ಊರಿಗೆಲ್ಲ ಬರೆದು ಕಳಿಸ್ತೀಯ ನೀನು?”

“ಊರಿಗಲ್ಲ. ನಿಧಿಯೋರಿಗೆ.”

“ಅವರೂ ಜನಾನೇ ತಾನೇ? ನಾಳೆ ಯಾರಾದರೂ ಕೇಳಲ್ವಾ, ಮಗ ಬದುಕಿದಾನಾ ಅಂತ? ಹದಿನೇಳು ವರ್ಷದ ಹುಡುಗಿ ಕೈಲಿ ತಾಯಿ ಸೇವೆ ಮಾಡಿಸ್ಕೊಂಡು ನೊರ್ಬೆರ್ತು ಇಸ್ಪೀಟು ಆಡ್ತಿದ್ದ ಅಂತ?”

“ಆಡ್ತಿರೋದು ಹೌದು ತಾನೇ?”

ಅಮ್ಮ ಒಲೆಯ ಕಡೆ ತಿರುಗಿಕೊಂಡಳು. ಅಪ್ಪನ ಅಣ್ಣ ಟೊರಾಂಟೊದಿಂದ ಪ್ರತಿ ಭಾನುವಾರ ಫೋನು ಮಾಡುತ್ತಿದ್ದ. ‘ಅಮ್ಮನ್ನ ನಾನೇ ನೋಡ್ಕೋತಿದೀನಿ, ನೀನು ನಿಶ್ಚಿಂತೆಯಾಗಿರು’ ಎಂದು ಅಪ್ಪ ಅವನಿಗೆ ಹೇಳುವುದನ್ನು ಮನೆಮಂದಿಯೆಲ್ಲ ಒಂದೂವರೆ ವರ್ಷದಿಂದ ಕೇಳುತ್ತ ಬಂದಿದ್ದರು.

“ನಾನೇನೂ ಮಾಡಿಲ್ವಾ?” ಅಪ್ಪನ ದನಿ ಏರಿತು. “ಆ ಬಚ್ಚಲಮನೆ ಹಿಡಿಕೆ ಹಾಕಿದ್ದು ಯಾರು? ಇಡೀ ಶನಿವಾರ ಗೋಡೆ ಕೊರೆದು, ಸ್ಟೀಲಿನ ಹಿಡಿಕೆ, ಯಾರು ಹಾಕಿದ್ದು?”

“ನೀನೇ. ಬಲಗೋಡೆಗೆ ಹಾಕಿದೀಯ.”

“ಹೂಂ. ಅದಕ್ಕೇನೀಗ?”

“ಅವಳ ಬಲಗೈ ಏಳೋದಿಲ್ಲಪ್ಪ.”

ಅಪ್ಪ ತಾಯಿಯ ಕಡೆ ನೋಡಿದ. ಅಜ್ಜಿ ಮಡಿಲಿನಲ್ಲಿದ್ದ ಬಲಗೈಯನ್ನು ಎಡಗೈಯಿಂದ ಸವರಿಕೊಂಡಳು.

“ಪಾಪ, ಅಷ್ಟು ಕಷ್ಟಪಟ್ಟು ಕೊರೆದಿದ್ದ. ಹೇಳಬೇಡ ಅಂದಿದ್ದೆ ಇವಳಿಗೆ,” ಎಂದಳು. “ಟವೆಲ್ ಒಣಹಾಕೋಕೆ ಚೆನ್ನಾಗಿದೆ ಬಿಡು.”

ಇದರಿಂದ ಅಪ್ಪ ಮೆತ್ತಗಾಗಬಹುದೆಂದು ಡೆಲ್ಫೀನಾ ಎಣಿಸಿದ್ದರೆ ಅದು ತಪ್ಪಾಯಿತು. ಅವನ ಕಿವಿಯ ತುದಿ ಕೆಂಪಗಾಯಿತು. “ಈ ಮನೇಲಿ ಯಾರೂ ಅದಕ್ಕೆ ಸಹಿ ಹಾಕೋ ಹಾಗಿಲ್ಲ. ತಿಳೀತಾ? ಯಾರೂ,” ಎಂದವನು, ಜೇಬಿನಲ್ಲಿ ಹಾಳೆ ಇಟ್ಟುಕೊಂಡೇ ಹೊರಟುಹೋದ.

ಡೆಲ್ಫೀನಾ ಸೋಮವಾರ ಗ್ರಂಥಾಲಯಕ್ಕೆ ಹೋಗಿ ಹೊಸ ಪ್ರತಿ ತೆಗೆಸಿದಳು. ಒಂದಲ್ಲ, ಮೂರು.

*

ಅಮ್ಮನನ್ನು ಕೇಳಿದ್ದು ಬುಧವಾರ ಬೆಳಿಗ್ಗೆ. ಅಮ್ಮ ಕೇಲ್ ಸೊಪ್ಪನ್ನು ಸುರುಳಿ ಸುತ್ತಿ ಎಳೆಎಳೆಯಾಗಿ ಹೆಚ್ಚುತ್ತಿದ್ದಳು.

“ನಾನೇನು ಕಣ್ಣಾರೆ ಕಂಡಿದೀನಿ? ಒಂದೂವರೆಗೆ ಹೋದ್ರೆ ಬರೋದು ಹತ್ತೂವರೆಗೆ,” ಎಂದಳು.

“ಬಂದಾಗ ಅವಳ ಕೂದಲು ಹೆಣೆದಿರುತ್ತಲ್ಲ, ಅದನ್ನ ಕಾಣಲ್ವಾ? ಚಾದರ ಒಗೆದು ಹಾಕಿರುತ್ತಲ್ಲ?”

ಚಾಕು ನಿಂತಿತು, ಮತ್ತೆ ನಡೆಯಿತು. “ನಿಮ್ಮಪ್ಪ ಬೇಡ ಅಂದಿದಾನೆ. ನಾನು ಸಹಿ ಹಾಕಿದ್ರೆ ಕ್ರಿಸ್‌ಮಸ್ ತನಕ ಮಾತಾಡಲ್ಲ ಅವನು. ನಿಂಗೇನು, ಒಂದು ವರ್ಷ ಕಳೆದ್ರೆ ಕಾಲೇಜು. ನಾನು ಇಲ್ಲೇ ಇರಬೇಕು.”

“ನಿಧಿ ಸಿಗದಿದ್ರೆ ನಾನೂ ಇಲ್ಲೇ ಇರ್ತೀನಿ. ನಿನ್ನ ಜೊತೆ ಆಸ್ಪತ್ರೆ ಅಡುಗೆಮನೆಗೆ ಬರ್ತೀನಿ. ಎರಡು ಬಲೆ ತಗೋ ಕೂದಲಿಗೆ.”

ಅಮ್ಮ ಹೆಚ್ಚಿದ ಸೊಪ್ಪನ್ನು ಪಾತ್ರೆಗೆ ಸುರಿದಳು. ಆದರೆ ಆ ಮಧ್ಯಾಹ್ನ ಡೆಲ್ಫೀನಾ ಹಾಲಿಗೆಂದು ಹೋದಾಗ ಫ್ರಿಜ್ಜಿನ ಬಾಗಿಲು ಬೋಳಾಗಿತ್ತು. ಚಿನ್ನದ ಮುದ್ರೆಯ ಪತ್ರ ಮೇಜಿನ ಮೇಲೆ ಬೋರಲು ಬಿದ್ದಿತ್ತು. ಅದರ ಬೆನ್ನಿಗೆ ಅಮ್ಮನ ಕೈಬರಹ: ಆಲೂಗಡ್ಡೆ, ಉಪ್ಪುಮೀನು, ಬಟ್ಟೆ ಸೋಪು.

ಅಷ್ಟಾದರೂ ಸಹಿ ಸಿಕ್ಕಿರಲಿಲ್ಲ. ಅಜ್ಜಿಯ ಕಾಲುಗಳಿಗೆ ಎಣ್ಣೆ ಹಚ್ಚುತ್ತ ಡೆಲ್ಫೀನಾ ಎಂದಳು, “ಯಾರೂ ಹಾಕಲ್ಲ ವೊವೊ. ಕಂಡಿಲ್ಲ ಅಂತಾಳೆ ಅಮ್ಮ. ಕಾಣಬಾರದು ಅಂತಾನೆ ಅಪ್ಪ.”

“ಅಲ್ಲಿ ಏನಂತ ಬರೆದಿದೆ? ಇನ್ನೊಂದು ಸಲ ಓದು.”

“ಮೇಲಿನ ಕೆಲಸವನ್ನು ಕಣ್ಣಾರೆ ಕಂಡ ವಯಸ್ಕರೊಬ್ಬರ ಸಹಿ.”

“ಎಪ್ಪತ್ತೊಂಬತ್ತು ಅಂದ್ರೆ ವಯಸ್ಕಳು ತಾನೇ?”

ಡೆಲ್ಫೀನಾಳ ಕೈ ಅಜ್ಜಿಯ ಹಿಮ್ಮಡಿಯ ಮೇಲೇ ನಿಂತಿತು.

“ನನಗಿಂತ ಹತ್ತಿರದಿಂದ ಕಂಡೋರು ಯಾರೇ ಇದಾರೆ? ನೀನು ಸ್ನಾನ ಮಾಡಿಸುವಾಗ ನೀರೊಳಗೆ ಕೂತಿದ್ದೋಳು ನಾನು.”

“ನಿನ್ನ ಬಲಗೈ...”

“ಎಡಗೈ ಇಲ್ವಾ? ಪೆನ್ಸಿಲ್ ತಾ.”

ಅಂಗಡಿಗಳ ರಿಯಾಯಿತಿಯ ಜಾಹೀರಾತು ಹಾಳೆಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಕೋಳಿ, ಕಲ್ಲಂಗಡಿ, ಐಸ್‌ಕ್ರೀಮ್ ಚಿತ್ರಗಳ ನಡುವಿನ ಖಾಲಿ ಜಾಗದಲ್ಲಿ ಅಭ್ಯಾಸ ಶುರುವಾಯಿತು. ಅಜ್ಜಿ ಜೀವನದಲ್ಲಿ ಕಲಿತ ಬರಹವೆಂದರೆ ತನ್ನ ಹೆಸರು ಮಾತ್ರ. ಅದನ್ನೂ ಪೌರತ್ವದ ಪರೀಕ್ಷೆಗೆಂದು ಮೂವತ್ತನೆಯ ವಯಸ್ಸಿನಲ್ಲಿ ಕಲಿತದ್ದು. ಎಡಗೈಗೆ ಆ ಹೆಸರು ಗೊತ್ತಿರಲಿಲ್ಲ. ಮೊದಲ ದಿನ ಮೊದಲ ಅಕ್ಷರವೇ ಹಲ್ಲು ಮುರಿದ ಬಾಚಣಿಗೆಯಂತಾಯಿತು. ಮೂರನೆಯ ದಿನ ಪೆನ್ಸಿಲನ್ನು ಗೋಡೆಗೆಸೆದು ಪೋರ್ತುಗೀಸಿನಲ್ಲಿ ಬೈದಳು. ಎಂಟನೆಯ ದಿನ ಹೆಸರಿನ ಅರ್ಧ ಮಾತ್ರ ಬಂತು.

“ಹೆಬ್ಬೆಟ್ಟು ಒತ್ತಿದ್ರೆ ಆಗುತ್ತಾ ಅಂತ ಕೇಳ್ತೀನಿ ತಾಳು,” ಎಂದಳು ಡೆಲ್ಫೀನಾ.

“ಹೆಬ್ಬೆಟ್ಟಿನ ಮಾತು ಎತ್ತಿದ್ರೆ ಊಟ ಬಿಡ್ತೀನಿ,” ಎಂದಳು ಅಜ್ಜಿ. “ಹೆಸರು. ಪೂರ್ತಿ ಹೆಸರು.”

*

ಆಗಸ್ಟ್ ಹತ್ತು, ಭಾನುವಾರ. ಬೇಯಿಸಿದ ಉಪ್ಪುಮೀನು, ಆಲೂಗಡ್ಡೆ, ಮೊಟ್ಟೆ. ತಟ್ಟೆಗಳನ್ನು ಎತ್ತಿದ ಮೇಲೆ ಅಜ್ಜಿ, “ಡೆಲ್ಫೀನಾ, ಆ ಹಾಳೆ ತಾ. ಪೆನ್ನೂ ತಾ. ಪೆನ್ಸಿಲ್ ಬೇಡ,” ಎಂದಳು.

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟ.

“ಅಮ್ಮ, ಬೇಡ.”

“ಮೇಜು ಒರೆಸೇ, ಎಣ್ಣೆಯಾಗಿದೆ.”

“ಅಮ್ಮ, ನಾನು ಹೇಳ್ತಿರೋದು ಕೇಳಿಸ್ತಿದೆಯಾ? ಅಣ್ಣನಿಗೆ ಗೊತ್ತಾದ್ರೆ ನನ್ನ ಮುಖ ಎಲ್ಲಿಡಲಿ?”

“ಅವನಿಗೆ ನೀನೇ ಹೇಳು, ನಾನು ಹೇಳಲ್ಲ. ನೀನು ಕೆಟ್ಟವನು ಅಂತ ಈ ಹಾಳೇಲಿ ಎಲ್ಲಾದರೂ ಬರೆದಿದೆಯಾ? ಇವಳು ಮಾಡಿದಾಳೆ ಅಂತ ಬರೆದಿದೆ. ಅದು ಸುಳ್ಳಾ?”

“ಸುಳ್ಳು ಅಂತ ಅನ್ನಲಿಲ್ಲ ನಾನು.”

“ಮತ್ತೆ? ಇವಳ ಚೀಟಿ ನಿನ್ನ ಹಾಳೆಗೆ ಅಂಟಿಸಬೇಕಾ?”

ಅಪ್ಪನಿಗೆ ಕಾರ್ಖಾನೆಯ ಆ ಕಥೆ ಹುಟ್ಟಿದಾಗಿನಿಂದ ಗೊತ್ತು. ಅವನು ಕುರ್ಚಿ ಹಿಂದೆ ತಳ್ಳಿ ಎದ್ದ. ಹೊರಗೆ ಹೋಗಲಿಲ್ಲ, ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತ.

ಅಜ್ಜಿ ಪೆನ್ನು ಹಿಡಿದಳು. ಹಾಳೆ ಜಾರಿತು. ಅದನ್ನು ಅದುಮಿ ಹಿಡಿಯಬೇಕಾದ ಬಲಗೈ ಮಡಿಲಲ್ಲಿತ್ತು. ಡೆಲ್ಫೀನಾ ಮುಂದೆ ಬಂದಳು.

“ನೀನು ಮುಟ್ಟಬೇಡ. ಆಮೇಲೆ ನೀನೇ ಬರೆಸಿದೆ ಅಂತಾರೆ,” ಎಂದಳು ಅಜ್ಜಿ. “ನೊರ್ಬೆರ್ತು, ಬಂದು ಹಿಡ್ಕೋ.”

ಅಪ್ಪ ಅಲ್ಲಾಡಲಿಲ್ಲ. ಸಿಂಕಿನಲ್ಲಿ ನಲ್ಲಿ ನಿಂತಿತು. ಅಮ್ಮ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದಳು. ಗಂಡನ ಬೆನ್ನನ್ನೊಮ್ಮೆ ನೋಡಿ, ಹಾಳೆಯ ಎರಡು ಮೂಲೆಗಳ ಮೇಲೆ ಎರಡು ಬೆರಳು ಒತ್ತಿ ಹಿಡಿದಳು.

ಹೆಸರು ಬರೆದು ಮುಗಿಸಲು ನಾಲ್ಕು ನಿಮಿಷ ಹಿಡಿಯಿತು. ಅಕ್ಷರಗಳು ಒಂದರ ಮೇಲೊಂದು ಏರಿದ್ದವು, ಕೊನೆಯದು ಗೆರೆ ದಾಟಿ ಅಂಚಿಗೆ ಹೋಗಿತ್ತು. ಆದರೆ ಒಂದೂ ಬಿಟ್ಟುಹೋಗಿರಲಿಲ್ಲ. ‘ಅರ್ಜಿದಾರರ ಜೊತೆ ನಿಮ್ಮ ಸಂಬಂಧ’ ಎಂದು ಕೆಳಗೊಂದು ಗೆರೆಯಿತ್ತು. ಅಮ್ಮ ಕೇಳದೆಯೇ ಪೆನ್ನು ತೆಗೆದುಕೊಂಡು ಅಲ್ಲಿ ಬರೆದಳು: ‘ಆರೈಕೆ ಪಡೆದವರು.’

ಅಪ್ಪ ಆ ವಾರ ಯಾರೊಡನೆಯೂ ಮಾತಾಡಲಿಲ್ಲ. ಬ್ರೆಡ್ ಮಾತ್ರ ತಪ್ಪದೆ ತಂದ.

*

ಶಾಲೆ ಶುರುವಾಗಿ ಎರಡು ವಾರವಾಗಿತ್ತು. ನಿಧಿಯವರಿಂದ ಕಾಗದ ಬಂತು. ಮುನ್ನೂರು ಅರ್ಜಿಗಳಲ್ಲಿ ಹನ್ನೆರಡು ಜನರನ್ನು ಮಾತಾಡಿಸುತ್ತಾರೆ, ಹನ್ನೆರಡರಲ್ಲಿ ಮೂವರಿಗೆ ಕೊಡುತ್ತಾರೆ. ಡೆಲ್ಫೀನಾಳ ಸರದಿ ಸೆಪ್ಟೆಂಬರ್ ಹದಿನೆಂಟು, ಗುರುವಾರ, ಸಂಜೆ ಐದು ಗಂಟೆ, ಗ್ರಂಥಾಲಯದ ಮೇಲಿನ ಕೋಣೆ.

ಗುರುವಾರ ಸ್ನಾನದ ದಿನ. ನಾಲ್ಕೂವರೆಗೆ ಶುರು ಮಾಡಿದರೆ ಅಜ್ಜಿಯ ಕೂದಲು ಕತ್ತಲಾಗುವುದರೊಳಗೆ ಒಣಗುತ್ತಿತ್ತು. ಅಮ್ಮ ರಜೆ ಕೇಳಿದಳು, ಆಸ್ಪತ್ರೆಯವರು ಕೊಡಲಿಲ್ಲ.

ಬುಧವಾರ ಅಪ್ಪ ಬೂಟು ಬಿಚ್ಚುತ್ತಿರುವಾಗ ಡೆಲ್ಫೀನಾ ಅವನ ಮುಂದೆ ನಿಂತಳು. “ನಾಳೆ ನಾಲ್ಕರಿಂದ ಏಳರ ತನಕ ನೀನು.”

“ನಾನೇನು?”

“ವೊವೊ. ಸ್ನಾನ ಇದೆ, ಆಮೇಲೆ ಊಟ.”

“ನಾಳೆ ಕ್ಲಬ್ಬಲ್ಲಿ ಪಂದ್ಯ ಇದೆ. ನಾಲ್ಕು ಜನ ಬೇಕು ಆಟಕ್ಕೆ. ನಿಧಿಯೋರಿಗೆ ಹೇಳು, ಬೆಳಿಗ್ಗೆ ಮಾತಾಡಿಸಲಿ ಅಂತ.”

“ಹೇಳಲ್ಲ.”

“ಹಾಗಾದರೆ ಸ್ನಾನ ಶುಕ್ರವಾರಕ್ಕೆ ಹಾಕು. ಒಂದು ದಿನಕ್ಕೆ ಏನಾಗುತ್ತೆ?”

“ಗುರುವಾರ ಸ್ನಾನ ಬೇಕೂಂತ ಅವಳು ಕೇಳ್ತಾಳೆ. ಬೇಡ ಅಂತ ನೀನೇ ಅವಳಿಗೆ ಹೇಳು. ನಾನು ನಾಲ್ಕಕ್ಕೆ ಹೊರಡ್ತೀನಿ. ನೀನು ಇರು, ಇಲ್ಲದೆ ಇರು, ಹೊರಡೋದಂತೂ ಹೊರಡ್ತೀನಿ.”

“ಅವಳನ್ನ ಒಬ್ಬಳನ್ನೇ ಬಿಟ್ಟು ಹೋಗ್ತೀಯಾ?”

“ನೀನು ಬಿಟ್ಟು ಹೋದರೆ ತಾನೇ ಅವಳು ಒಬ್ಬಳಾಗೋದು?”

ಅಪ್ಪ ಇನ್ನೊಂದು ಬೂಟಿನ ಲಾಡಿ ಎಳೆದ. ಒಳಕೋಣೆಯಲ್ಲಿ ಅಜ್ಜಿ ಟೀವಿಯ ದನಿ ಕಡಿಮೆ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ಮಾತು ಮುಗಿದ ಮೇಲೆ ಮತ್ತೆ ಏರಿಸಿದಳು.

ಗುರುವಾರ ಮೂರಕ್ಕೆ ಅಪ್ಪ ಬಂದ. ತಾಯಿಯ ಹಣೆಗೆ ಮುತ್ತು ಕೊಟ್ಟ. ಬೂಟು ಬಿಚ್ಚಲಿಲ್ಲ. ಟೋಪಿಯನ್ನೂ ತೆಗೆಯದೆ ಅಡುಗೆಮನೆಯ ಕುರ್ಚಿಯಲ್ಲಿ, ಬಾಗಿಲಿಗೆ ಹತ್ತಿರವಾಗಿ ಕುಳಿತ. ಡೆಲ್ಫೀನಾ ಅಮ್ಮನ ನೀಲಿ ಅಂಗಿ ಹಾಕಿಕೊಂಡಿದ್ದಳು. ತೋಳು ಸ್ವಲ್ಪ ಉದ್ದವಾಗಿತ್ತು, ಮಡಚಿಕೊಂಡಳು. ಅಜ್ಜಿ ಅವಳನ್ನು ಹತ್ತಿರ ಕರೆದು ಕಾಲರ್ ಸರಿಮಾಡಿದಳು.

“ಏನು ಕೇಳ್ತಾರಂತೆ?”

“ಗೊತ್ತಿಲ್ಲ.”

“ಕೇಳಿದ್ದಕ್ಕೆಲ್ಲ ಹೌದು ಅನ್ನಬೇಡ.”

ಗಡಿಯಾರದಲ್ಲಿ ನಾಲ್ಕಾಯಿತು. ಅಪ್ಪ ಗಡಿಯಾರ ನೋಡಿದ, ಬಾಗಿಲು ನೋಡಿದ, ಮಗಳನ್ನು ನೋಡಿದ. ಡೆಲ್ಫೀನಾ ಸೊಂಟದ ಪಟ್ಟಿಯನ್ನು ತಂದು ಅವನ ಮುಂದಿನ ಮೇಜಿನ ಮೇಲಿಟ್ಟಳು. ಹೇಗೆ ಕಟ್ಟಬೇಕೆಂದು ಹೇಳಲಿಲ್ಲ. ಬ್ಯಾಗು ತೆಗೆದುಕೊಂಡು ಹೊರಗೆ ಬಂದು, ಬಾಗಿಲು ಮುಚ್ಚಿ, ವರಾಂಡದ ಮೆಟ್ಟಿಲಿಳಿದಳು.

ಮೆಟ್ಟಿಲ ಬುಡದಲ್ಲಿ ಕುಳಿತು ಬ್ಯಾಗಿನ ಕಾಗದಗಳನ್ನು ಇನ್ನೊಮ್ಮೆ ನೋಡಿಕೊಂಡು ಎದ್ದಳು. ರಸ್ತೆಯ ತನಕ ಬಂದಿರಲಿಲ್ಲ, ಬಚ್ಚಲಮನೆಯ ಕಿಟಕಿಯಿಂದ ಅಪ್ಪನ ದನಿ ಕೇಳಿಸಿತು. “ಡೆಲ್ಫೀನಾ, ಇವಳನ್ನ ಯಾವ ಕಡೆಯಿಂದ ಹಿಡಿಯೋದು? ಡೆಲ್ಫೀನಾ.”

ಅವಳ ಕಾಲು ತಾನಾಗಿ ನಿಂತಿತು.

“ಅವಳನ್ನ ಯಾಕೆ ಕೂಗ್ತೀಯ?” ಅಜ್ಜಿಯ ದನಿ, ಒಳಗಿನಿಂದ. “ನಾನು ಇಲ್ಲೇ ಇದೀನಲ್ಲ. ನನ್ನನ್ನ ಕೇಳು.”

ಒಳಗೆ ಗಾಲಿಕುರ್ಚಿ ಕಿರುಗುಟ್ಟಿತು.

“ಯಾವ ಕಡೆಯಿಂದಮ್ಮ?” ಎಂದ ಅಪ್ಪ.

“ಮೊದಲು ಆ ಟೋಪಿ ತೆಗಿ,” ಎಂದಳು ಅಜ್ಜಿ.

ಡ್ರಮ್ಮು ಬಡಿದಂತೆ ನೀರು ತೊಟ್ಟಿಗೆ ಬೀಳತೊಡಗಿತು. ಡೆಲ್ಫೀನಾ ತೋಳಿನ ಮಡಿಕೆಯನ್ನು ಇನ್ನೊಂದು ಸುತ್ತು ಏರಿಸಿಕೊಂಡು, ಗ್ರಂಥಾಲಯದ ಕಡೆಗೆ ಇಳಿಯುವ ರಸ್ತೆ ಹಿಡಿದಳು.